ಐದು ನಿಮಿಷ ಬಾಯಿ ಮುಚ್ಚಿದ್ದು

ತರೀಕೆರೆಯ ಒಂದು ಕಾಲೇಜಿನಲ್ಲಿ ಮನಸ್ಸಿನ ಆರೋಗ್ಯದ ಕಾರ್ಯಕ್ರಮ, ಕೊನೆಗೆ ಚಿತ್ರಾನ್ನ ಅಂತ ಕೇಳಿ ನಾನೂ ನುಗ್ಗಿದೆ. ನಾನೇನು ಆ ಕಾಲೇಜಿನವನಲ್ಲ.

ಕಾರ್ಯಕ್ರಮ ನಡೆಸಲು ಬಂದಿದ್ದ ಮೇಡಂ ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ, "ಒಬ್ರು ಐದು ನಿಮಿಷ ಮಾತಾಡಿ, ಇನ್ನೊಬ್ರು ಸುಮ್ನೆ ಕೇಳಿ. ಮಧ್ಯೆ ಬಾಯಿ ಹಾಕಂಗಿಲ್ಲ" ಅಂದರು.

ನನ್ನೆದುರು ಕೂತವನು ಬುಕ್ಕಾಂಬುಧಿಯ ಹುಡುಗ. ಎರಡು ಸಬ್ಜೆಕ್ಟ್ ಫೇಲಾಗಿದೆ, ತಿಂಗಳಾದ್ರೂ ಮನೇಲಿ ಹೇಳಿಲ್ಲ, ಅಮ್ಮನ ಫೋನ್ ಬಂದ್ರೆ ಎದೆ ಹೊಡ್ಕೊಳ್ಳುತ್ತೆ, ರಾತ್ರಿ ನಿದ್ದೆ ಇಲ್ಲ ಅಂದ. 'ಎರಡಕ್ಕೇ ಹಿಂಗಾ? ನಂದು ಆರಕ್ಕೆ ಆರೂ ಹೋಗಿತ್ತು ಕಣೋ' ಅನ್ನೋ ಮಾತು ನಾಲಿಗೆ ತುದಿಗೆ ಬಂತು. ಮೇಡಂ ನನ್ನನ್ನೇ ನೋಡುತ್ತಿದ್ದರು. ನುಂಗಿಕೊಂಡೆ.

ಐದು ನಿಮಿಷ ಮುಗಿಯಿತು. ಅವನು ಹೊರಗೆ ಬಂದವನೇ ಅಮ್ಮನಿಗೆ ಫೋನ್ ಮಾಡಿ ಎಲ್ಲಾ ಹೇಳಿಬಿಟ್ಟ. ಆ ಕಡೆಯ ಮಾತು ಪಕ್ಕದಲ್ಲೇ ನಿಂತಿದ್ದ ನನಗೂ ಕೇಳಿಸಿತು.

"ಅಷ್ಟೇನಾ? ಮಾತೇ ಆಡಲ್ವಲ್ಲ, ಏನಾಯ್ತೋ ಅಂತ ಹೆದರಿದ್ದೆ ಕಣೋ. ಮತ್ತೆ ಬರಿ, ಹೋಗ್ಲಿ. ಭಾನುವಾರ ಊರಿಗೆ ಬಾ."

ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದ. "ಇಷ್ಟು ತಾಳ್ಮೆಯಿಂದ ಯಾರೂ ಕೇಳಿರ್ಲಿಲ್ಲ. ನೀನು ಯಾವ ಕ್ಲಾಸು?"

"ಹತ್ತನೇ ಕ್ಲಾಸು. ಅದೂ ಪೂರ್ತಿ ಅಲ್ಲ" ಅಂದೆ. ಅವನು ಬಿದ್ದು ಬಿದ್ದು ನಕ್ಕ.

ಬಾಯಿ ಮುಚ್ಚೋ ಅಂತ ನಮ್ಮ ಮೇಷ್ಟ್ರುಗಳು ಹತ್ತು ವರ್ಷ ಬಡ್ಕೊಂಡಿದ್ದರು. ಪಾಪ, ಒಬ್ಬರೂ ನನ್ನೆದುರು ಕೂತು ಅವರ ಕಷ್ಟ ಹೇಳಿಕೊಂಡಿರಲಿಲ್ಲ.