ಹಸಿರು ಕಲ್ಲಿನ ಬಳೆ

ಗಂಡ ತೀರಿಕೊಂಡಾಗ ನನ್ನ ಕೈಯ ಹಸಿರು ಗಾಜಿನ ಬಳೆಗಳನ್ನು ಒಡೆದರು. ನಮ್ಮಲ್ಲಿ ಅದು ಪದ್ಧತಿ. ಕೈ ಮುಂದೆ ಚಾಚಿದವಳೂ ನಾನೇ. ಒಬ್ಬಳೇ ಇರುವ ಮನೆಯಲ್ಲಿ ಅಂದಿನಿಂದ ನನ್ನ ಕೈಯ ಸದ್ದೂ ಇರಲಿಲ್ಲ.

ಕಳೆದ ಬೇಸಿಗೆ ಅಫಜಲಪುರದ ಸಂತೆಯಲ್ಲಿ ಜೇಡ್ ಎಂಬ ಹಸಿರು ಕಲ್ಲಿನದೆಂದು ಮಾರುತ್ತಿದ್ದ ಒಂದು ಬಳೆ ಕಂಡೆ. "ಗಾಜಲ್ರಿ ಅಕ್ಕಾರ, ಅಸಲಿ ಕಲ್ಲು ಅದ," ಎಂದ ಅಂಗಡಿಯವ. ಜೊತೆಗಿದ್ದ ನಾದಿನಿ ಯೋಚಿಸಿ, "ಕಲ್ಲಾದ್ರ ನಡೀತದ ಬಿಡ್ರಿ ವೈನಿ," ಎಂದಳು. ಅಪ್ಪಣೆ ಸಿಕ್ಕಿತು, ಕೊಂಡೆ.

ಮನೆಗೆ ಬಂದು ಫೋನಿನಲ್ಲಿ ನೋಡಿದೆ. ಅಸಲಿ ಜೇಡ್ ಕೈಯಲ್ಲಿ ಹಿಡಿದರೂ ಬಹಳ ಹೊತ್ತು ತಣ್ಣಗೇ ಇರುತ್ತದಂತೆ, ಒಳಗೆ ಗಾಳಿಗುಳ್ಳೆ ಇರುವುದಿಲ್ಲವಂತೆ. ನನ್ನದು ಕೆನ್ನೆಗೆ ಒತ್ತಿದ ಕೂಡಲೇ ಬೆಚ್ಚಗಾಯಿತು. ಕಿಟಕಿಯ ಬಿಸಿಲಿಗೆ ಹಿಡಿದರೆ ಒಳಗೆ ಸಾಸಿವೆಯಷ್ಟು ಗುಳ್ಳೆಗಳು. ಶುದ್ಧ ಗಾಜು.

ಹಾಳಾದವನು ಮೋಸ ಮಾಡಿದ್ದ. ಬೈಯಲು ಬಾಯಿ ತೆರೆದೆ, ಕೇಳುವವರು ಯಾರಿದ್ದರು? ಬಳೆ ತೊಟ್ಟುಕೊಂಡೇ ಪಾತ್ರೆ ತಿಕ್ಕಲು ಕುಳಿತೆ. ಅದು ತಂಬಿಗೆಗೆ ತಾಗಿ ಕಿಣ್ ಎಂದಿತು. ಇನ್ನೊಮ್ಮೆ ತಾಗಿಸಿದೆ.

ನಾದಿನಿ ಬಂದಾಗಲೆಲ್ಲ ನನ್ನ ಕೈ ನೋಡಿ ಕೇಳುತ್ತಾಳೆ, "ಕಲ್ಲೇ ಹೌದಲ್ರಿ ವೈನಿ?"

"ಹೌದವ್ವಾ, ಕಲ್ಲೇ," ಎನ್ನುತ್ತೇನೆ.