ಏಕಾದಶಿಯ ಬಾಳೆಹಣ್ಣು

ಡಾಕ್ಟರು ವರದಿಯನ್ನು ಎರಡು ಸಲ ಓದಿ ಕನ್ನಡಕ ತೆಗೆದರು. ಅದು ಎಪ್ಪತ್ತರ ದಶಕ. ನನ್ನ ಅರೆತಲೆನೋವಿನ ಸುಳಿವು ಮೂತ್ರದಲ್ಲಿ ಸಿಗುತ್ತದೆಯೇ ಎಂದು ಅವರು ಹುಡುಕುತ್ತಿದ್ದರು. ನಾನು ಇಡೀ ಒಂದು ದಿನದ ಮೂತ್ರವನ್ನು ಬಾಟಲಿಯಲ್ಲಿ ತುಂಬಿ, ಚೀಲದಲ್ಲಿ ಬಚ್ಚಿಟ್ಟುಕೊಂಡು ಮುಂಬಯಿಯ ಮುಲುಂಡಿನಿಂದ ಲೋಕಲ್ ರೈಲಿನಲ್ಲಿ ತಂದುಕೊಟ್ಟಿದ್ದೆ. ಅದರಲ್ಲೊಂದು ಅಂಶ ವಿಪರೀತ ಹೆಚ್ಚಿದೆ, ಹೊಟ್ಟೆಯಲ್ಲಿ ಗಡ್ಡೆ ಇದ್ದರೂ ಹೀಗಾಗುತ್ತದೆ ಎಂದರು.

"ಅವತ್ತ ಏನೇನ್ ತಿಂದಿದ್ರಿ ಬಾಯಾರ?" ಬೆಳಗಾವಿ ಕಡೆಯವರಾದ ಡಾಕ್ಟರು ಕೇಳಿದರು.

"ಏನೂ ತಿಂದಿಲ್ರೀ. ಏಕಾದಶಿ ಉಪಾಸ ಇತ್ತು" ಎಂದೆ.

ಪಕ್ಕದಲ್ಲಿದ್ದ ಅತ್ತೆ ನನ್ನ ಪರವಾಗಿ, "ಖರೇನ ರೀ ಡಾಕ್ಟರ, ಆರ ಬಾಳೆಹಣ್ಣಿನ ಮ್ಯಾಲ ಇಡೀ ದಿನಾ ಕಳದಾಳ" ಎಂದು ಹೆಮ್ಮೆಯಿಂದ ಹೇಳಿದರು.

ಡಾಕ್ಟರು ಜೋರಾಗಿ ನಕ್ಕುಬಿಟ್ಟರು. ಬಾಳೆಹಣ್ಣು ತಿಂದರೆ ಆ ಅಂಶ ಏರುತ್ತದೆಂದೇ, ಅಂದಿನ ಊಟದಲ್ಲಿ ಆ ಹಣ್ಣು ಬೇಡವೆಂದು ಮೊದಲೇ ಹೇಳಿದ್ದರು. ಆದರೆ ಅಂದು ನಾನು ಊಟವನ್ನೇ ಮಾಡಿರಲಿಲ್ಲವಲ್ಲ!

ಮರುವಾರ ಕೊಟ್ಟ ಬಾಟಲಿಯಲ್ಲಿ ಏನೂ ಹೆಚ್ಚಿರಲಿಲ್ಲ. ತಲೆನೋವು ಇಂದಿಗೂ ಬರುತ್ತದೆ. ಬಂದಾಗ, ಬರೀ ತಲೆನೋವಲ್ಲವೇ ಎಂದುಕೊಂಡು ನಿರಾಳವಾಗಿ ಮಲಗುತ್ತೇನೆ.