ಮಾವನ ಗಿಡಕ್ಕ ಹೆಸರು ಸಿಕ್ಕಿದ್ದು

ನಮ್ಮ ಬಳ್ಳಾರಿ ಬಿಸಲು ಎಂಥಾದ್ದಂದ್ರ, ಮಧ್ಯಾಹ್ನ ಗುಡ್ಡದ ಮ್ಯಾಲಿನ ಕೋಟಿ ಸೈತ ನೆಳ್ಳು ಹುಡುಕ್ಕೊಂಡು ಕೆಳಗಿಳಿದು ಬರತೈತಿ. ನಾನು ಕಣ್ಣಾರೆ ನೋಡೀನಿ. ನೀವು ನಂಬಂಗಿಲ್ಲ, ಇರಲಿ. ಇಂಥಾ ಊರಾಗ, ನಮ್ಮ ಹಿತ್ತಲದಾಗ, ಚೀನಾ ದೇಶದ ಹಣ್ಣಿನ ಗಿಡ ಐತಿ ಅಂದ್ರ ಅದನ್ನೂ ನಂಬಂಗಿಲ್ಲ. ಆದ್ರ ಅದು ಖರೇ.

ರೈಲ್ವೇದಾಗಿರೋ ನಮ್ಮ ಸೋದರಮಾವ ನಾಕು ವರ್ಷದ ಹಿಂದ ಬೆಂಗಳೂರಿಂದ ತಂದು ನೆಟ್ಟಿದ್ದು. ಹಣ್ಣು ಸೇಬಿನಂಗ ಗುಂಡಗ, ಕಡಿದ್ರ ಗದ್ದದ ಮ್ಯಾಲೆ ನೀರು ಹರೀತೈತಿ ಅಂದಿದ್ದ. ಹೆಸರು ಹೇಳೋದ್ರಾಗ ಅವನ ರೈಲಿಗೆ ಹೊತ್ತಾತು. ಅದಕ್ಕ ನಾವು 'ಮಾವನ ಗಿಡ' ಅಂತಿದ್ವಿ. ಅದೂ ಮಾವನಂಗನ: ಎತ್ತರ, ತೆಳ್ಳಗ, ಕೈ ಬಿಚ್ಚಂಗಿಲ್ಲ. ಒಂದು ಹೂವಿಲ್ಲ. ಸಾಲ್ಯಾಗ ಮಾತ್ರ ನಾನು ಅದರ ಹಣ್ಣು ಅರ್ಧ ಕ್ಲಾಸಿಗೆ ಹಂಚಿ ಮುಗಿಸೀನಿ, ಬರೇ ಬಾಯಿಮಾತಿಲೆ. ಕುರುಗೋಡಿನ ಒಬ್ಬವ ಚೀಲಾನೂ ತಂದಿದ್ದ.

ಹೆಸರಿಲ್ಲದಾಗ ಎಲ್ಲಾ ಚೊಲೋ ಇತ್ತು. ಒಂದಿನ ಬಾಜೂ ಮನಿ ಗಡಿಯಾರ ರಿಪೇರಿ ಚಾಚಾ ಗ್ವಾಡಿ ಮ್ಯಾಲಿಂದ ಇಣುಕಿ, "ಅರೆ, ಇದು ನಾಶಪಾತಿ" ಅಂದ.

ಅಜ್ಜಿ ಜ್ವಾಳ ಕೇರೋ ಮರ ಕೆಳಗಿಟ್ಳು. "ಯಾರ ಪಾತಿ ನಾಶ?"

"ನಮ್ಮ ಉರ್ದುದಾಗ ಹಣ್ಣಿನ ಹೆಸರು ಅಮ್ಮಾ, ಪೇರ್ ಹಣ್ಣು."

ಪಾತಿ ಅಂದ್ರ ಗಿಡದ ಬುಡಕ್ಕ ನೀರು ನಿಲ್ಲಾಕ ಮಾಡೋ ತಗ್ಗು. ನಾಶ ಅಂದ್ರ ನಾಶ. ಅದೂ ಅಕ್ಕನ್ನ ನೋಡಾಕ ಸಿರುಗುಪ್ಪದೋರು ಶುಕ್ರವಾರ ಬರೋರಿದ್ರು. "ಅವರು ಬರೋದ್ರಾಗ ಇದನ್ನ ಕಿತ್ತು ಒಗಿ" ಅಂತ ಅಜ್ಜಿ ಅಪ್ಪಗ ಹೇಳಿಬಿಟ್ಳು. ಅಪ್ಪ ಕೊಡ್ಲಿ ಹುಡುಕಾಕ ಹೋದ.

ಗಿಡ ಹೋದ್ರ ಸಾಲ್ಯಾಗ ನನ್ನ ಮರ್ಯಾದಿನೂ ಹೋತು. ಪುಣ್ಯಾಕ ನಮ್ಮೂರಾಗ ಒಂದು ಭಾಷಾ ಕೈಕೊಟ್ರ ಇನ್ನೊಂದು ಬಾಗಲದಾಗ ನಿಂತಿರತೈತಿ. "ಅಜ್ಜೀ, ತೆಲುಗಿನಾಗ ಇದಕ್ಕ ಬೇರಿಕಾಯಿ ಅಂತಾರ" ಅಂದೆ. "ಬೇರು, ಕಾಯಿ. ಅಕ್ಕನ ಸಂಸಾರ ಬೇರೂರತೈತಿ."

ಅಜ್ಜಿ ಮುಖ ಅರಳ್ತು. ಕೊಡ್ಲಿ ಒಳಗ ಹೋತು. ನನ್ನ ಬೆನ್ನ ನಾನ ತಟ್ಟಿಕೊಂಡೆ.

ಶುಕ್ರವಾರ ಬೀಗರಾಗೋರು ಬಂದು ಕುಂತ್ರು. ಅಜ್ಜಿ ಕಾಣವಲ್ಲಳು. ಹಿತ್ತಲಕ್ಕ ಹೋಗಿ ನೋಡಿದ್ರ, ಹೊಸಾ ಸೀರಿ ಉಟ್ಟು, ಕುರ್ಪಿ ಹಿಡಕೊಂಡು ಗಿಡದ ಬುಡ ತೋಡಾಕತ್ತಾಳ.

"ಕಾಯಿ ಬೇರಿಗೆ ಬಿಟ್ಟಿರತಾವಲೇ, ಶೇಂಗಾದಂಗ. ನಾಕು ವರ್ಷ ಸುಮ್ನ ಮ್ಯಾಲೆ ನೋಡಿಕೋತ ಕುಂತ್ವಿ. ಬಂದೋರಿಗೆ ಒಂದು ತಾಟು ಕೊಡೋಣು."

ನನ್ನ ಹಿಂದ ಹುಡುಗನ ತಾಯಿ ಬಂದು ನಿಂತಿದ್ರು. "ಬೇರಿಕಾಯಿ ಟೊಂಗಿಗೆ ಬಿಡತೈತಿ, ಯಮ್ಮಾ" ಅಂದ್ರು, ಬಾಯಿಗೆ ಸೆರಗು ಹಿಡದು.

ಅಜ್ಜಿ ಕುರ್ಪಿ ಬಿಡಲಿಲ್ಲ. "ಗೊತ್ತೈತವ್ವ. ನಾನು ಪಾತಿ ಮಾಡಾಕತ್ತೀನಿ."

ಅವರಿಗೆ ನಗು ತಡೀಲಿಲ್ಲ. ಅಲ್ಲೇ ಮಣ್ಣಾಗ ಕುಂತು, "ಇಷ್ಟು ಜಲ್ದಿ ಮಾತು ತಿರುವೋ ಮನಿ ಹುಡುಗಿ ನಮ್ಮ ಮನ್ಯಾಗ ಗೆದ್ದು ಬಾಳ್ತಾಳ ಬಿಡ್ರಿ" ಅಂದ್ರು. ಒಳಗ ಗಂಡಸರು ಇನ್ನಾ ಮಳಿ-ಬೆಳಿ ಮಾತಾಡಾಕತ್ತಿದ್ರು. ಹಿತ್ತಲದಾಗ ಮದುವಿ ಗಟ್ಟಿಯಾಗಿತ್ತು.

ಅವರು ಹೋದ ಮ್ಯಾಲೆ ಅಜ್ಜಿ ನನ್ನ ಕರದ್ಳು. "ಟೊಂಗಿಗೆ ಬಿಡತೈತಿ ಅಂತ ನಿನಗ ಗೊತ್ತಿತ್ತೇನಲೇ?"

"ಇತ್ತು."

"ಹಂಗಾರ ತೋಡಿದ ತಗ್ಗಿಗೆ ದಿನಾ ನೀನ ನೀರು ತುಂಬು."

ತಗ್ಗು ಎಷ್ಟು ದೊಡ್ಡದಂದ್ರ, ರಾರಾವಿ ಊರ ಕಡಿಂದ ಹೊಳೀನ ಇತ್ತಾಗ ತಿರುಗಿಸಿದ್ರೂ ತುಂಬಂಗಿಲ್ಲ. ಗಿಡ ಇನ್ನೂ ಹೂ ಬಿಟ್ಟಿಲ್ಲ, ಆದ್ರ ಹೊಸಾ ಚಿಗುರು ಬಂದೈತಿ. ಸಾಲ್ಯಾಗ ಯಾರರ "ಹಣ್ಣು ಎಲ್ಲಲೇ?" ಅಂದ್ರ, "ಗಿಡ ಇನ್ನಾ ಕಾಯಿ ಬಿಟ್ಟಿಲ್ಲ" ಅಂತೀನಿ. ದಿನಾ ಕೊಡ ಹೊತ್ತ ಮ್ಯಾಲೆ, ಸುಳ್ಳು ಹೇಳಾಕ ಉಸಿರರ ಎಲ್ಲಿ ಉಳಿತೈತಿ ಹೇಳ್ರಿ.